ಭಾರ ಏರದೆ ನಿಂತಾಗ

ಕೊಚ್ಚಿಯ ಎಂ.ಜಿ. ರಸ್ತೆಯಲ್ಲಾಗಲಿ, ತಿರುವನಂತಪುರದ ಪಟ್ಟಂ, ಕೇಶವದಾಸಪುರದ ಕಡೆಯಲ್ಲಾಗಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಜಿಮ್‌ನ ಫಲಕವೊಂದಾದರೂ ಕಣ್ಣಿಗೆ ಬೀಳದಿರುವುದಿಲ್ಲ. ನಮ್ಮ ಕನ್ನಡದ ಮನೆಗಳ ಹುಡುಗರೂ ಈಚೆಗೆ ಹುಡುಗಿಯರೂ ಅಲ್ಲಿಗೆ ಹೋಗುವವರೇ. ಮೊದಲ ಎರಡು ಮೂರು ತಿಂಗಳು ಅವರ ಉತ್ಸಾಹ ಹೇಳತೀರದು. ಎರಡೂವರೆ ಕಿಲೋ ಡಂಬೆಲ್ ಐದಾಗುತ್ತದೆ. ಕನ್ನಡಿಯ ಮುಂದೆ ನಿಲ್ಲುವ ಹೊತ್ತೂ ಜೊತೆಯಲ್ಲೇ ಬೆಳೆಯುತ್ತದೆ. ಆಮೇಲೊಂದು ದಿನ ಭಾರ ನಿಂತುಬಿಡುತ್ತದೆ. ಐದು ಕಿಲೋ ಹಗುರ, ಏಳೂವರೆ ಏಳದು. ವಾರಗಳು ಕಳೆದರೂ ಅದೇ ಕಥೆ.

ಹೀಗೆ ನಿಂತಾಗ ಕೆಲವರು ಬಿಟ್ಟುಬಿಡುತ್ತಾರೆ. ಕೆಲವರು ಹಠ ಹಿಡಿದು ಭುಜ ಉಳುಕಿಸಿಕೊಳ್ಳುತ್ತಾರೆ. ಇನ್ನು ಕೆಲವರ ಕಿವಿಯಲ್ಲಿ ಯಾರೋ ಮಾತ್ರೆಯ ಹೆಸರನ್ನೋ ಸೂಜಿಮದ್ದಿನ ಹೆಸರನ್ನೋ ಪಿಸುಗುಟ್ಟುತ್ತಾರೆ. ತಾಯಿತಂದೆಯರು ಆತಂಕಪಡಬೇಕಾದದ್ದು ಈ ಮೂರನೆಯದರ ಬಗ್ಗೆ. ಆದರೆ ತೊಡಕು ಹೊಸದಲ್ಲ. ಭಾರ ಎತ್ತುವವರು ಇದನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಎದುರಿಸಿದ್ದಾರೆ, ಮತ್ತು ಅದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಸತ್ಯವೂ ಇದೆ, ಮೋಸವೂ ಇದೆ.

'ಡಂಬ್‌ಬೆಲ್' ಎಂದರೆ ಮೂಕ ಗಂಟೆ. ಇಗರ್ಜಿಯ ಗಂಟೆಯನ್ನು ಹಗ್ಗದಿಂದ ಎಳೆಯುವುದು ಒಳ್ಳೆಯ ಮೈಕಸುವು ಎಂದು ಕಂಡ ಇಂಗ್ಲಿಷರು, ಸದ್ದಿಲ್ಲದ ಗಂಟೆಯಂಥ ಒಂದು ಸಾಧನವನ್ನು ಮನೆಯೊಳಗೇ ಇಟ್ಟುಕೊಂಡರು. ಪ್ರಬಂಧಕಾರ ಜೋಸೆಫ್ ಅಡಿಸನ್ 1711ರಲ್ಲಿ ತನ್ನ ಕೋಣೆಯ ಮೂಲೆಯಲ್ಲಿದ್ದ ಅಂಥದೊಂದನ್ನು ಕುರಿತು ಬರೆದಿದ್ದಾನೆ. ಎರಡು ತುದಿಯಲ್ಲಿ ಗುಂಡಿರುವ ಕಬ್ಬಿಣದ ಹಿಡಿಗೆ ಈ ಹೆಸರು ಹೇಗೋ ಅಂಟಿಕೊಂಡಿತು.

ನಮ್ಮ ಗರಡಿ ಮನೆಗಳಿಗೆ ಇದು ಬೇಕಾಗಿರಲಿಲ್ಲ. ಗದೆಯಿತ್ತು, ಮುದ್ಗರವಿತ್ತು, ದಂಡ ಬಸ್ಕಿಗಳಿದ್ದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಕಾಲದ, 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಸಾಧನೆಗೇ ಒಂದು ಭಾಗ ಮೀಸಲಾಗಿದೆ; ಭಾರ ಹೊತ್ತು ಮಾಡುವ ಶ್ರಮಕ್ಕೆ 'ಭಾರಶ್ರಮ' ಎಂಬ ಹೆಸರೂ ಅಲ್ಲಿದೆ. ಆದರೆ ಗರಡಿಯ ಲೆಕ್ಕ ತೂಕದ ಲೆಕ್ಕವಲ್ಲ, ಎಣಿಕೆಯ ಲೆಕ್ಕ. ನೂರು ಬಸ್ಕಿ ನೂರಹತ್ತಾಗುವುದಕ್ಕೆ ಕಬ್ಬಿಣದ ಅಂಗಡಿಗೆ ಹೋಗಬೇಕಾಗಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲಿನದು ಇನ್ನೊಂದು ರೀತಿ. ಅದು ಎದ್ದರೆ ಎದ್ದಿತು, ಇಲ್ಲವಾದರೆ ಇಲ್ಲ, ನಡುವೆ ಮೆಟ್ಟಿಲುಗಳಿಲ್ಲ. ಬಲ ಬೆಳೆಯುವುದು ನಿಂತಿತು ಎಂಬ ಕೊರಗು ಹುಟ್ಟಬೇಕಾದರೆ ಬಲಕ್ಕೊಂದು ಅಂಕಿ ಬೇಕು. ಕಬ್ಬಿಣದ ಮೇಲೆ ಅಂಕಿ ಕೊರೆದಾಗಲೇ ಆ ಕೊರಗೂ ಹುಟ್ಟಿತೆಂದು ನನ್ನ ಭಾವನೆ.

ಭಾರವನ್ನು ದಿನದಿನಕ್ಕೆ ಏರಿಸುವ ಮಾತು ಬಂದಾಗ ಎಲ್ಲರೂ ಹೇಳುವುದು ಗ್ರೀಕರ ಮೈಲೋನ ಕಥೆ. ಕ್ರಿಸ್ತಪೂರ್ವ 6ನೆಯ ಶತಮಾನದ ಈ ಜಟ್ಟಿ ಒಂದು ಎಳೆಗರುವನ್ನು ದಿನವೂ ಹೊತ್ತನಂತೆ. ಕರು ಬೆಳೆದು ಎತ್ತಾದಾಗಲೂ ಹೊರಬಲ್ಲವನಾಗಿದ್ದನಂತೆ. ಕಥೆ ಸೊಗಸಾಗಿದೆ, ಆದರೆ ಅದನ್ನು ಕಟ್ಟಿದವನು ಭಾರ ಎತ್ತಿದವನಲ್ಲ. ಐದು ಕಿಲೋ ಡಂಬೆಲಿಗೆ ವಾರಕ್ಕೆ ಅರ್ಧ ಕಿಲೋದಂತೆ ಸೇರಿಸುತ್ತ ಹೋದರೆ ಒಂದು ವರ್ಷಕ್ಕೆ 31 ಕಿಲೋ. ಹತ್ತು ವರ್ಷಕ್ಕೆ ಒಂದೊಂದು ಕೈಗೆ 265 ಕಿಲೋ! ಕರು ನಿಲ್ಲದೆ ಬೆಳೆಯಬಹುದು, ಕೈ ಬೆಳೆಯುವುದಿಲ್ಲ.

1904-05ರಲ್ಲಿ ಭಾರತದ ಪ್ರವಾಸ ಮಾಡಿದ ಯೂಜೆನ್ ಸ್ಯಾಂಡೋ ಇಲ್ಲಿಯ ವಿದ್ಯಾವಂತ ತರುಣರಿಗೆ ಡಂಬೆಲಿನ ಹುಚ್ಚು ಹಿಡಿಸಿದ. ಅವನು ಪುಸ್ತಕದಲ್ಲಿ ಬೋಧಿಸಿದ್ದು ಹಗುರ ಜೋಡಿ, ಹೆಚ್ಚು ಎಣಿಕೆ. ಎರಡು ಹೋಳುಗಳ ನಡುವೆ ಸ್ಪ್ರಿಂಗ್ ಇಟ್ಟ, ಹಿಡಿದು ಹಿಸುಕುವ ಡಂಬೆಲನ್ನೂ ಮಾರಿದ. ಅವನ ಪ್ರದರ್ಶನವನ್ನು 1893ರಲ್ಲಿ ಶಿಕಾಗೋದಲ್ಲಿ ಕಂಡಿದ್ದ ಅಲನ್ ಕ್ಯಾಲ್ವರ್ಟ್ ಎಂಬಾತ ಒಂದು ಹೆಜ್ಜೆ ಮುಂದೆ ಹೋದ. ಹಗುರ ಭಾರದಿಂದ ಅಂಥ ಮೈ ಬರುವುದಿಲ್ಲ, ಭಾರವೂ ಏರಬೇಕು ಎಂದು ಅವನಿಗೆ ಮನವರಿಕೆಯಾಗಿತ್ತು. 1902ರಲ್ಲಿ ಫಿಲಡೆಲ್ಫಿಯಾದಲ್ಲಿ, ಆ ಮೈಲೋನ ಹೆಸರಿನಲ್ಲೇ, ತೂಕವನ್ನು ಹೆಚ್ಚು ಕಡಿಮೆ ಮಾಡಬಹುದಾದ ಬಾರ್‌ಬೆಲ್‌ಗಳನ್ನು ಮಾಡಿ ಮಾರತೊಡಗಿದ. ಒಳಗೆ ಸೀಸದ ಚರೆ ತುಂಬುವ ಗುಂಡುಗಳವು. ಒಂದು ಹಿಡಿ ಹಾಕಿದರೆ ಅಷ್ಟೇ ಏರಿತು. ಅವನ ಕ್ರಮಕ್ಕೆ ಎರಡು ಏಣಿ. ಮೊದಲು ಅದೇ ಭಾರದಲ್ಲಿ ಎಣಿಕೆ ಹೆಚ್ಚಿಸುವುದು, ಎಣಿಕೆ ಗೊತ್ತಾದ ಮಟ್ಟ ಮುಟ್ಟಿದ ಮೇಲೆ ಭಾರವನ್ನು ಸ್ವಲ್ಪ ಏರಿಸಿ ಮತ್ತೆ ಕಡಿಮೆ ಎಣಿಕೆಗೆ ಇಳಿಯುವುದು. ಗರಡಿಯ ಎಣಿಕೆ, ಅಂಗಡಿಯ ತಕ್ಕಡಿ ಎರಡನ್ನೂ ಸೇರಿಸಿದ ಹಾಗೆ.

ಈ 'ಸ್ವಲ್ಪ' ಎಂಬ ಮಾತಿನಲ್ಲೇ ಗುಟ್ಟಿದೆ. ಉದ್ದನೆಯ ಬಾರಿನಲ್ಲಿ 40 ಕಿಲೋ ಎತ್ತುವವನು 42.5ಕ್ಕೆ ಹೋದರೆ ನೂರಕ್ಕೆ ಆರರಷ್ಟು ಮಾತ್ರ ಹೆಚ್ಚಳ. ಡಂಬೆಲಿನಲ್ಲಿ 5ರಿಂದ 7.5ಕ್ಕೆ ಹೋಗುವವನ ಹೆಚ್ಚಳ ನೂರಕ್ಕೆ ಐವತ್ತು! ಅಮೆರಿಕದ ಕ್ರೀಡಾವೈದ್ಯರ ಕಾಲೇಜು 2009ರಲ್ಲಿ ಹೇಳಿದ್ದು ಒಮ್ಮೆಗೆ ನೂರಕ್ಕೆ 2ರಿಂದ 10ರಷ್ಟು ಏರಿಸಿದರೆ ಸಾಕೆಂದು. ಹಾಗಾದರೆ ನಮ್ಮ ಹುಡುಗನ ತೋಳು ಸೋತಿಲ್ಲ. ಅಂಗಡಿಯವನು ನಡುವಿನ ಮೆಟ್ಟಿಲುಗಳನ್ನು ಮಾಡಿಲ್ಲ, ಅಷ್ಟೇ. ಎಂಟು ಸಲ ಎತ್ತುವ ಐದು ಕಿಲೋವನ್ನು ಹದಿನೈದು ಸಲ ಎತ್ತುವಂತಾದ ಮೇಲೆ ಏಳೂವರೆಯನ್ನು ಮುಟ್ಟಲಿ, ಅಥವಾ ಅರ್ಧ ಕಿಲೋ ಬಿಲ್ಲೆಗಳನ್ನು ಸೇರಿಸುವ ಹಿಡಿಯನ್ನು ಕೊಳ್ಳಲಿ.

ಕನ್ನಡಿಗರು ಈ ಚರಿತ್ರೆಯಲ್ಲಿ ಬರಿಯ ಪ್ರೇಕ್ಷಕರಲ್ಲ. ಬೆಂಗಳೂರಿನ ಪ್ರೊಫೆಸರ್ ಕೆ. ವಿ. ಅಯ್ಯರ್ (1897-1980) ಅವರ ಹೆಸರನ್ನು ಹಿರಿಯರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ, ಕೈಲಾಸಂ ಅವರ ಸ್ನೇಹದಿಂದ ನೆನೆಯುವುದುಂಟು. ಆದರೆ ಅವರ ದೊಡ್ಡ ಕೆಲಸ ನಡೆದದ್ದು ವ್ಯಾಯಾಮಶಾಲೆಯಲ್ಲಿ. 'ಮಸಲ್ ಕಲ್ಟ್' (1930), 'ಪರ್ಫೆಕ್ಟ್ ಫಿಸೀಕ್' (1936) ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಕಬ್ಬಿಣ ಎತ್ತುವುದರ ಜೊತೆಗೆ ಹಠಯೋಗದ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಕ್ರಮದಲ್ಲಿ ಹೆಣೆದದ್ದು ಅವರ ವಿಶೇಷ. ಸೂರ್ಯನಮಸ್ಕಾರದ ಮೇಲೆ 1937ರಲ್ಲಿ ಒಂದು ಪುಸ್ತಕವನ್ನೇ ತಂದರು. ಕಬ್ಬಿಣ ನಿಂತ ದಿನವೂ ಮೈ ಕೆಲಸವಿಲ್ಲದೆ ಕೂರಬೇಕಾಗಿಲ್ಲ ಎಂಬುದು ಇಂಥ ಹೆಣಿಗೆಯ ದೊಡ್ಡ ಲಾಭ. ಸ್ಯಾಂಡೋನನ್ನು ಕೊಂಡಾಡುವವರಲ್ಲಿ ಅರ್ಧದಷ್ಟು ಜನವಾದರೂ ಅಯ್ಯರ್ ಅವರನ್ನು ಓದಿದ್ದರೆ ಚೆನ್ನಾಗಿತ್ತು.

ವೈದ್ಯರು ಈ ವಿಷಯಕ್ಕೆ ಕೈಹಾಕಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಶಿಕಾಗೋದ ಸೈನಿಕ ಆಸ್ಪತ್ರೆಯಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದ ಯೋಧರಿಗೆ ಕ್ಯಾಪ್ಟನ್ ಥಾಮಸ್ ಡಿಲಾರ್ಮ್ ಕಬ್ಬಿಣದ ಬೂಟು ಕಟ್ಟಿ ಭಾರ ಎತ್ತಿಸಿದರು. ಅವರೂ ಎಳವೆಯಲ್ಲಿ ಜ್ವರದಿಂದ ಸೊರಗಿ, ಭಾರ ಎತ್ತಿ ಮೈ ಕೂಡಿಸಿಕೊಂಡವರೇ. 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಒಂದು ಕೂತಿಗೆ ಏಳರಿಂದ ಹತ್ತು ಸರದಿ ಮಾಡಿಸುತ್ತಿದ್ದವರು, 1948ರ ಹೊತ್ತಿಗೆ ಮೂರೇ ಸಾಕೆಂದರು. ಹತ್ತು ಸಲ ಎತ್ತಬಲ್ಲ ಗರಿಷ್ಠ ಭಾರದ ಅರ್ಧ, ಮುಕ್ಕಾಲು, ಕೊನೆಗೆ ಪೂರ್ತಿ. ಕೆಲಸವನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದು ಮುನ್ನಡೆಗಾಗಿಯೇ ಎಂಬುದನ್ನು ಹಠವಾದಿಗಳು ಗಮನಿಸಬೇಕು. ಮೊದಲ ತಿಂಗಳುಗಳ ಸುಗ್ಗಿ ಏಕೆ ಮುಗಿಯುತ್ತದೆಂಬುದಕ್ಕೆ 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಕಾರಣ ತೋರಿಸಿದರು. ಆರಂಭದ ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಗಳು ಕೆಲಸ ಕಲಿತದ್ದರಿಂದ. ಸ್ನಾಯು ದಪ್ಪವಾಗುವುದು ಆಮೇಲೆ, ನಿಧಾನವಾಗಿ. ಪಾಠ ಕಲಿಯುವುದು ಬೇಗ, ಮೈ ಕಟ್ಟುವುದು ತಡ.

ಇನ್ನು ಮೋಸದ ಅಧ್ಯಾಯ. ಅಮೆರಿಕದ ಯಾರ್ಕ್ ಊರಿನ ಬಾಬ್ ಹಾಫ್‌ಮನ್ ಬಾರ್‌ಬೆಲ್ ಕಾರ್ಖಾನೆಯ ಯಜಮಾನ, ಪತ್ರಿಕೆಯ ಒಡೆಯ, ಭಾರ ಎತ್ತುವವರ ಗುರು. 1960ರ ಸುಮಾರಿಗೆ ಅವನ ಕೂಟದ ಬಿಲ್ ಮಾರ್ಚ್, ಲೂಯಿ ರೀಕಿ ಮುಂತಾದವರ ಭಾರ ಇದ್ದಕ್ಕಿದ್ದಂತೆ ಏರತೊಡಗಿತು. ಜಗ್ಗದ ಕಂಬಿಯನ್ನು ಕೆಲವು ಸೆಕೆಂಡು ಬಲವಾಗಿ ತಳ್ಳುವ ಹೊಸ ವ್ಯಾಯಾಮವೇ ಕಾರಣವೆಂದು ಪತ್ರಿಕೆ ಸಾರಿತು. ಅದಕ್ಕೊಂದು ಆಧಾರವೂ ಇಲ್ಲದಿರಲಿಲ್ಲ. 1953ರಲ್ಲಿ ಜರ್ಮನಿಯ ಹೆಟಿಂಗರ್ ಮತ್ತು ಮ್ಯುಲರ್ ಆ ಬಗೆಯ ಪ್ರಯೋಗ ನಡೆಸಿದ್ದರು. ಜನ ಮುಗಿಬಿದ್ದು ಕಂಬಿ ಚೌಕಟ್ಟುಗಳನ್ನು ಕೊಂಡರು. ಪತ್ರಿಕೆ ಹೇಳದೆ ಬಿಟ್ಟದ್ದು ಇಷ್ಟು: ಆ ಪಟುಗಳಿಗೆ ಡಾಕ್ಟರ್ ಜಾನ್ ಝೀಗ್ಲರ್ 1958ರಲ್ಲಿ ಮಾರುಕಟ್ಟೆಗೆ ಬಂದಿದ್ದ ಡಯನಬಾಲ್ ಎಂಬ ಹಾರ್ಮೋನು ಮಾತ್ರೆಯನ್ನು ಕೊಡುತ್ತಿದ್ದರು. ವ್ಯಾಯಾಮಕ್ಕೆ ಹೊಗಳಿಕೆ, ಮಾತ್ರೆಗೆ ಮೌನ. ಮಾತ್ರೆಯ ಸುದ್ದಿ ಹಬ್ಬಿದ ಮೇಲೆ ಹೇಳಿದ್ದಕ್ಕಿಂತ ಹಲವು ಪಟ್ಟು ನುಂಗುವವರನ್ನು ಕಂಡು ಝೀಗ್ಲರ್ ಹೇಸಿದರು. 1983ರಲ್ಲಿ ತೀರಿಕೊಳ್ಳುವ ಮೊದಲು, ತಾವು ಆ ಕೆಲಸಕ್ಕೆ ಕೈಹಾಕಬಾರದಿತ್ತೆಂದು ಹಳಹಳಿಸಿದರು. ಯಕೃತ್ತು, ಹೃದಯ, ಸಂತಾನಶಕ್ತಿ ಇವುಗಳ ಮೇಲೆ ಇಂಥ ಮದ್ದುಗಳಿಂದಾಗುವ ಕೇಡು ಇಂದು ವೈದ್ಯರಿಗೆಲ್ಲ ಗೊತ್ತು. ಜಿಮ್ಮಿನ ಮೂಲೆಯಲ್ಲಿ ಪಿಸುಗುಟ್ಟುವವನ ಬಾಯಲ್ಲಿ ಇಂದಿಗೂ ಇರುವುದು ಯಾರ್ಕಿನ ಆ ಅರ್ಧ ಕಥೆಯೇ.

ಉಳಿದ ಉತ್ತರ ವಿಶ್ರಾಂತಿ. ಒತ್ತಡಕ್ಕೆ ಮೈ ಮೊದಲು ಬೆದರಿ, ಆಮೇಲೆ ಹೊಂದಿಕೊಂಡು, ಒತ್ತಡ ತೆರವಾಗದಿದ್ದರೆ ಕೊನೆಗೆ ಬಳಲುತ್ತದೆ ಎಂದು ಹ್ಯಾನ್ಸ್ ಸೆಲ್ಯೆ 1936ರಿಂದ ಹೇಳುತ್ತ ಬಂದರು. ರಷ್ಯದ ಲೆವ್ ಮತ್ವೆಯೆವ್ 1960ರ ದಶಕದಲ್ಲಿ ಕ್ರೀಡಾಪಟುವಿನ ವರ್ಷವನ್ನೇ ಭಾರದ ಕಾಲ, ಹಗುರದ ಕಾಲ ಎಂದು ವಿಂಗಡಿಸಿದರು. ವರ್ಷವನ್ನು ಹೀಗೆ ಹಂಚುವುದು ಕೇರಳದವರಿಗೆ ಹೊಸ ಮಾತಲ್ಲ, ನಾವಿರುವ ಊರಿನಲ್ಲೇ ಅದು ಕಣ್ಣಿಗೆ ಕಾಣುತ್ತದೆ.

ತಿರುವನಂತಪುರದ ಕಿಳಕ್ಕೇಕೋಟೆಯಲ್ಲಿ ಸಿ.ವಿ.ಎನ್. ಕಳರಿ 1956ರಿಂದ ಇದೆ. ಕಳರಿಪಯಟ್ಟನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಮುಖ್ಯರಾದ ತಲಶ್ಶೇರಿಯ ಸಿ. ವಿ. ನಾರಾಯಣನ್ ನಾಯರ್ ಅವರ ಹೆಸರು ಅದಕ್ಕೆ. ಕೊಚ್ಚಿಯವರಿಗೆ ನೆಟ್ಟೂರಿನ ಕಳರಿ ಹತ್ತಿರ. ಸಂಪ್ರದಾಯದ ಕಳರಿಯ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ನೆಲ ಬೀದಿಗಿಂತ ತಗ್ಗಿನಲ್ಲಿ. ಅಲ್ಲಿ ತೂಕದ ಅಂಕಿ ಕೊರೆದ ಕಬ್ಬಿಣ ಕಾಣದು. ಮೈಪ್ಪಯಟ್ಟು, ಅಂದರೆ ಬರಿಮೈಯ ಪಾಠ, ಎಷ್ಟು ವರ್ಷ ಕಲಿತವನಿಗೂ ತಪ್ಪಿದ್ದಲ್ಲ. ಮುಂಗಾರು ಹಿಡಿದ ಮೇಲೆ, ಮುಖ್ಯವಾಗಿ ಕರ್ಕಟಕ ಮಾಸದಲ್ಲಿ, ಸಾಧನೆಯ ಜೊತೆಗೆ ಉಳಿಚ್ಚಿಲ್ ಬರುತ್ತದೆ. ಗುರುಕ್ಕಳ್ ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು, ಎಣ್ಣೆ ಹಚ್ಚಿಕೊಂಡು ಮಲಗಿದ ಶಿಷ್ಯನ ಮೈಯನ್ನು ಪಾದದಿಂದ ತೀಡುತ್ತಾರೆ. ಕಥಕಳಿ ಕಲಿಯುವ ಹುಡುಗರಿಗೂ ಮಳೆಗಾಲದಲ್ಲಿ ಇದೇ ಉಪಚಾರ.

ಏಳು, ಹದಿನಾಲ್ಕು, ಇಪ್ಪತ್ತೊಂದು, ಹೀಗೆ ದಿನಗಳ ಲೆಕ್ಕದಲ್ಲಿ ನಡೆಯುವ ಈ ಚಿಕಿತ್ಸೆ ಮುಗಿದ ಕೂಡಲೇ ಎದ್ದು ಓಡುವಂತಿಲ್ಲ. ಎಷ್ಟು ದಿನ ಚಿಕಿತ್ಸೆಯೋ ಅಷ್ಟೇ ದಿನ ಪಥ್ಯದಲ್ಲಿ, ದಣಿಯದೆ, ನಿದ್ದೆಗೆಡದೆ ಇರಬೇಕೆಂದು ಕೇರಳದ ವೈದ್ಯರ ಕಟ್ಟಳೆ. ಆ ದಿನಗಳಿಗೆ ಮಲಯಾಳದಲ್ಲಿ 'ನಲ್ಲಿರಿಕ್ಕ' ಎಂದು ಹೆಸರು. ನಮ್ಮ ನಲ್ನುಡಿಯ 'ನಲ್', ನಮ್ಮದೇ 'ಇರು'. ಕನ್ನಡಿಗನಿಗೆ ಇದನ್ನು ಯಾರೂ ಅನುವಾದ ಮಾಡಿ ಹೇಳಬೇಕಾಗಿಲ್ಲ.