ಹದಿಹರೆಯದ ದೇಹ ಬದಲಾವಣೆಗಳು ಮತ್ತು ಸ್ನೇಹ ಕ್ಲಿನಿಕ್ ಸೇವೆ

ಪೀಠಿಕೆ

10ರಿಂದ 19 ವರ್ಷ ವಯಸ್ಸಿನವರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರವು 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇದರ ಅನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಹದಿಹರೆಯದವರ ಆರೋಗ್ಯ ಕೇಂದ್ರಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಹೆಸರು. ದೇಹದ ವಿಷಯದಲ್ಲಿ ನಾಚಿಕೆಪಟ್ಟು ಮಕ್ಕಳು ತೊಂದರೆಯನ್ನು ಮುಚ್ಚಿಡುವುದರಿಂದ ಚಿಕಿತ್ಸೆ ವಿಳಂಬವಾಗುತ್ತದೆ. ಆದ್ದರಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಸಹಜವಾದ ಬದಲಾವಣೆಗಳು

1. ಮುಖದ ಮೇಲೆ ಮೊಡವೆ, ಹೆಚ್ಚು ಬೆವರು, ಧ್ವನಿ ಒಡೆಯುವುದು.
2. ಬಾಲಕಿಯರ ಎರಡು ಸ್ತನಗಳ ಗಾತ್ರದಲ್ಲಿ ಅಲ್ಪ ವ್ಯತ್ಯಾಸ.
3. ಬಾಲಕರಲ್ಲಿ ಎದೆಯ ಭಾಗ ಸ್ವಲ್ಪ ಉಬ್ಬುವುದು. ಇದು ಬಹುತೇಕ ಎರಡು ವರ್ಷಗಳೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ.
4. ಒಂದೇ ತರಗತಿಯ ಮಕ್ಕಳ ಎತ್ತರ, ಮೈಕಟ್ಟುಗಳಲ್ಲಿ ಅಂತರ. ಬಾಲಕರ ಬೆಳವಣಿಗೆಯ ವೇಗ ಸಾಮಾನ್ಯವಾಗಿ ಬಾಲಕಿಯರಿಗಿಂತ ಸುಮಾರು ಎರಡು ವರ್ಷ ತಡವಾಗಿ ಹೆಚ್ಚುತ್ತದೆ.

ಇವು ದೋಷಗಳಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

1. 15 ವರ್ಷ ತುಂಬಿದರೂ ಋತುಮತಿಯಾಗದಿದ್ದಲ್ಲಿ ಅಥವಾ ಋತುಸ್ರಾವವು 7 ದಿನಗಳಿಗಿಂತ ಹೆಚ್ಚು ಕಾಲ ಮುಂದುವರಿದಲ್ಲಿ.
2. ಸದಾ ಆಯಾಸ, ಮೆಟ್ಟಿಲೇರುವಾಗ ಏದುಸಿರು ಕಂಡುಬಂದಲ್ಲಿ. ಇವು ರಕ್ತಹೀನತೆಯ ಲಕ್ಷಣಗಳಾಗಿರಬಹುದು.
3. ತೂಕ ಇಳಿಸಲು ಊಟ ಬಿಡುವುದು, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು ಕಂಡುಬಂದಲ್ಲಿ.
4. ಎರಡು ವಾರಗಳಿಗೂ ಮೀರಿ ಬೇಸರ, ನಿದ್ರಾಹೀನತೆ ಇದ್ದಲ್ಲಿ.

ತೂಕದ ಬಗ್ಗೆ

ವಯಸ್ಕರ ಬಿ.ಎಂ.ಐ. ಮಿತಿಗಳು ಹದಿಹರೆಯದವರಿಗೆ ಅನ್ವಯಿಸುವುದಿಲ್ಲ. ಅವರ ತೂಕವನ್ನು ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಕೋಷ್ಟಕದ ಪ್ರಕಾರವೇ ಅಳೆಯತಕ್ಕದ್ದು. ಕನ್ನಡಿ ನೋಡಿಯಾಗಲಿ, ನೆರೆಹೊರೆಯವರ ಮಾತು ಕೇಳಿಯಾಗಲಿ ಪಥ್ಯ ಆರಂಭಿಸುವುದು ಸೂಕ್ತವಲ್ಲ.

ಪೋಷಕರಿಗೆ ಸೂಚನೆ

‘ಡುಮ್ಮಿ’, ‘ಕಡ್ಡಿ’, ‘ಕರಿಯ’ ಮುಂತಾಗಿ ಮಕ್ಕಳನ್ನು ಕರೆಯುವುದನ್ನು ಮನೆಯಲ್ಲಿಯೇ ನಿಲ್ಲಿಸತಕ್ಕದ್ದು. ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಇರುವ ಮುಲಾಮನ್ನು ಮೈಬಣ್ಣಕ್ಕಾಗಿ ಹಚ್ಚಿದರೆ ಚರ್ಮ ತೆಳುವಾಗಿ ಶಾಶ್ವತ ಹಾನಿಯಾಗಬಹುದು.

ಸೇವೆ ಪಡೆಯುವ ವಿಧಾನ

ಕ್ಲಿನಿಕ್ ನಡೆಯುವ ದಿನ ಮತ್ತು ವೇಳೆಯನ್ನು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದಾಗಿದೆ. ಆಪ್ತ ಸಮಾಲೋಚನೆ ಉಚಿತವಾಗಿದ್ದು, ಹೇಳಿಕೊಂಡ ವಿಷಯವನ್ನು ಗೌಪ್ಯವಾಗಿಡಲಾಗುತ್ತದೆ. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದಲ್ಲಿ ಪೋಕ್ಸೊ ಕಾಯ್ದೆ, 2012ರ ಅನ್ವಯ ಅದನ್ನು ವರದಿ ಮಾಡುವುದು ಕಡ್ಡಾಯ. ಮಾನಸಿಕ ತೊಂದರೆಗಳಿಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿರುತ್ತದೆ.