ಕಣಗಿನಹಾಳದಲ್ಲಿ ಹೊತ್ತ ಹೊಣೆ

ನಮ್ಮ ಸಂಘದ ಇಪ್ಪತ್ತೈದು ವರ್ಷದ ಲೆಕ್ಕ ಬೇರೆ ಪುಟಗಳಲ್ಲಿದೆ. ಇಲ್ಲಿ ನಾವು ಹೇಳಹೊರಟಿರುವುದು ನಮ್ಮಂಥ ಸಂಘಗಳ ತವರುಮನೆಯ ಕಥೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರ ಮೇ 8ರಂದು ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಹಳ್ಳಿ. ಮುಂದೆ ನಿಂತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ದೇಶದಲ್ಲಿ ಮೊದಲನೆಯದು ನಮ್ಮದೇ ಎನ್ನುವ ಊರುಗಳು ಬೇರೆಯೂ ಇವೆ. ಆ ಜಗಳ ನಮಗೆ ಬೇಡ.

ಹಿಂದಿನ ವರ್ಷವಷ್ಟೇ, 1904ರಲ್ಲಿ, ಕಾಯ್ದೆ ಬಂದಿತ್ತು. ಸರಕಾರದ ವಿಶೇಷ ಅಪ್ಪಣೆ ಇಲ್ಲದಿದ್ದರೆ ಹಳ್ಳಿ ಸಂಘದ ಸದಸ್ಯರ ಹೊಣೆ ಅಪರಿಮಿತ ಎಂದು ಅದರಲ್ಲಿತ್ತು. ಅಂದ್ರೆ ಏನು? ಸಂಘ ಮುಳುಗಿದರೆ ಸದಸ್ಯನ ಹೊಲ-ಮನೆಯೂ ಸಾಲಕ್ಕೆ ಈಡು. ಎರಡೆಕರೆಯವನಿಗಿಂತ ಇದ್ದವನಿಗೇ ಇದರ ಭಯ ಹೆಚ್ಚು. ಲಾಭದ ಆಸೆಯಿಂದ ಬಂದರು ಅನ್ನೋಣವೆಂದರೆ, ಲಾಭವೆಲ್ಲ ಮೀಸಲು ನಿಧಿಗೇ ಹೋಗಬೇಕಿತ್ತು.

ಹಾಗಾದರೆ ಯಾಕೆ ಮುಂದೆ ಬಂದರು? ದಾನ ಮಾಡಿ ಕೈ ತೊಳಕೊಂಡಿದ್ದರೆ ಹೆಸರಾದರೂ ಬರ್ತಿತ್ತು. ದಾನದ ದಾರಿಯನ್ನು ಜರ್ಮನಿಯ ರೈಫೈಸನ್ ತುಳಿದು ನೋಡಿದ್ದರು. 1846–47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದರು. ಉಳ್ಳವರ ಉತ್ಸಾಹ ಎಷ್ಟು ದಿನ? 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ, ಸಾಲ ಪಡೆಯುವವರೇ ಸದಸ್ಯರಾಗಿ ಒಬ್ಬರಿಗೆ ಎಲ್ಲರೂ ಹೊಣೆಯಾಗುವ ಸಂಘ ಕಟ್ಟಿದರು. ಫ್ರೆಡರಿಕ್ ನಿಕಲ್ಸನ್ನರ ವರದಿಯ ಮೂಲಕ ಆ ಮಾದರಿಯೇ ನಮ್ಮ ಕಾಯ್ದೆಗೂ ಬಂತು. ಕೊಟ್ಟವನು ದಣಿ, ಪಡೆದವನು ಆಳು ಎಂಬುದು ಅಲ್ಲಿ ಇರಲಿಲ್ಲ. ಎತ್ತಿಗೆಂದು ಸಾಲ ತಂದು ಮದುವೆಗೆ ಸುರಿದರೆ ಕೇಳುವ ಹಕ್ಕು ಪಕ್ಕದ ಮನೆಯವನಿಗೂ ಬಂತು, ಯಾಕಂದ್ರೆ ಅವನ ಹೊಲವೂ ಅದರಲ್ಲಿ ಸಿಕ್ಕಿಕೊಂಡಿತ್ತು.

ಹಾಗಂತ ಸಾಹುಕಾರರ ಅಂಗಡಿ ಮುಚ್ಚಲಿಲ್ಲ. 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3ರಷ್ಟೇ ಕಂಡಿತು. ಜಾಮೀನು ಸಿಗದ ಕೂಲಿಯವರು ಬಹುಕಾಲ ಹೊರಗೇ ಉಳಿದರು. ಇದನ್ನು ಮುಚ್ಚಿಟ್ಟು ಬೆಳ್ಳಿಹಬ್ಬ ಮಾಡುವುದು ನಮಗೆ ಸರಿಕಾಣದು.

ಈಗ ನಮ್ಮ ಹೊಣೆ ಷೇರಿನ ಹಣದಷ್ಟೇ. ಸುಸ್ತಿ ಸಾಲದ ಪಟ್ಟಿ ಓದಿದರೆ ನಮ್ಮದಲ್ಲವೆಂಬಂತೆ ಕೂತು ಕೇಳುತ್ತೇವೆ. ಹೋದ ಮಹಾಸಭೆಗೆ ಕೋರಂ ಆಗದೆ ಅರ್ಧ ಗಂಟೆ ಕಾದೆವು. ಕೊನೆಗೆ ಸಿಪಾಯಿಯನ್ನು ಚಹಾದಂಗಡಿಗೆ ಕಳಿಸಿ ಸದಸ್ಯರನ್ನು ಕರೆತರಬೇಕಾಯಿತು.