ಟರ್ಕಿಶ್ ಎಫ್ ಕೀಲಿಮಣೆ: ಭಾಷಾರಚನೆ ಮತ್ತು ಬಳಕೆ

ಟರ್ಕಿಶ್ ಭಾಷೆಯು 1928ರಲ್ಲಿ ಅರಬ್ಬೀ ಲಿಪಿಯನ್ನು ತೊರೆದು 29 ಅಕ್ಷರಗಳ ಲ್ಯಾಟಿನ್ ವರ್ಣಮಾಲೆಯನ್ನು ಸ್ವೀಕರಿಸಿತು. ಆ ಭಾಷೆಯಲ್ಲಿ ಅಕ್ಷರಗಳು ಬಳಕೆಯಾಗುವ ಪ್ರಮಾಣವನ್ನು ಆಧರಿಸಿ ಇಹ್ಸಾನ್ ಸಿತ್ಕಿ ಯೆನೆರ್ ಅವರು ರೂಪಿಸಿದ 'ಎಫ್' ವಿನ್ಯಾಸವು 1955ರಲ್ಲಿ ಬೆರಳಚ್ಚು ಯಂತ್ರಗಳಿಗೆ ಮಾನಕವಾಯಿತು.

ಇದರಲ್ಲಿ ಎಂಟು ಸ್ವರಗಳೂ ಎಡಗೈಗೆ ಸೇರಿವೆ. 21 ವ್ಯಂಜನಗಳಲ್ಲಿ 14 ಬಲಗೈಗೆ ಸೇರಿವೆ. ಟರ್ಕಿಶ್ ಪದಗಳ ಆರಂಭದಲ್ಲಿ ವ್ಯಂಜನಗುಚ್ಛಗಳು ವಿರಳ. ಸ್ವರವ್ಯಂಜನಗಳು ಬಹುಮಟ್ಟಿಗೆ ಒಂದಾದ ಮೇಲೊಂದು ಬರುತ್ತವೆ. ಹೀಗಾಗಿ ಎರಡೂ ಕೈಗಳು ಸರದಿಯಂತೆ ದುಡಿಯುತ್ತವೆ. ಭಾಷೆಯ ಉಚ್ಚಾರಾಂಶ ರಚನೆಯೇ ಕೀಲಿಗಳ ಜೋಡಣೆಯನ್ನು ನಿರ್ಧರಿಸಿದ ನಿದರ್ಶನವಿದು.

ಆದರೆ ಗಣಕಯಂತ್ರಗಳ ಕಾಲದಲ್ಲಿ ಕ್ವರ್ಟಿಯನ್ನು ಆಧರಿಸಿದ 'ಕ್ಯೂ' ವಿನ್ಯಾಸವೇ ಮಾರುಕಟ್ಟೆಯನ್ನು ಆವರಿಸಿತು. ಅರವತ್ತರ ಆಸುಪಾಸಿನ ಕೀಲಿಗಳುಳ್ಳ ಕಿರಿದಾದ ಮೆಕ್ಯಾನಿಕಲ್ ಕೀಲಿಮಣೆಯು ಎಫ್ ವಿನ್ಯಾಸದಲ್ಲಿ ದೊರೆಯುವುದು ಇಂದು ಅಪರೂಪ. ತಾಂತ್ರಿಕವಾಗಿ ಇದಕ್ಕೆ ಅಡ್ಡಿಯಿಲ್ಲ: ಕೀಲಿಮಣೆ ಕಳುಹಿಸುವುದು ಕೀಲಿಯ ಸ್ಥಾನಸಂಕೇತವನ್ನು, ಅದನ್ನು ಅಕ್ಷರವಾಗಿಸುವುದು ಕಾರ್ಯಾಚರಣ ವ್ಯವಸ್ಥೆ. ಆ ವ್ಯವಸ್ಥೆಗಳಲ್ಲಿ ಎಫ್ ಈಗಲೂ ಲಭ್ಯ. ಕೊರತೆಯಿರುವುದು ಕೀಲಿಗಳ ಮೇಲೆ ಮುದ್ರಿತವಾದ ಅಕ್ಷರಗಳದು. ಅಭ್ಯಾಸವಿದ್ದವರು ಅವಿಲ್ಲದೆಯೂ ಬರೆಯಬಲ್ಲರು. ಹೊಸ ಕಲಿಕೆದಾರರು ಕಣ್ಣಿಗೆ ಕಂಡ ವಿನ್ಯಾಸವನ್ನೇ ಕಲಿಯುತ್ತಾರೆ. ಮಾನಕವೊಂದು ತಂತ್ರಾಂಶದಲ್ಲಿ ಉಳಿದೂ ಬಳಕೆಯಿಂದ ಜಾರುವುದು ಹೀಗೆ.